ಪೊಲೀಸರನ್ನು ರೂಪಿಸುವುದು ತರಗತಿಯೋ, ಠಾಣೆಯೋ?

ಸ್ಕಾಟ್ಲೆಂಡಿನ ಟುಲಿಯಾಲನ್ ಎಂಬಲ್ಲಿ ಕೋಟೆಯನ್ನು ಹೋಲುವ ಹಳೆಯ ಬಂಗಲೆಯೊಂದಿದೆ. ಆ ದೇಶದ ಪೊಲೀಸ್ ಕಾಲೇಜು ಇರುವುದು ಅಲ್ಲಿಯೇ. 2015ರಲ್ಲಿ ಅಮೆರಿಕದ ಹಲವು ನಗರಗಳ ಹಿರಿಯ ಪೊಲೀಸ್ ಅಧಿಕಾರಿಗಳು ಆ ಕಾಲೇಜಿಗೆ ಭೇಟಿ ನೀಡಿದರು. ವಾಷಿಂಗ್ಟನ್ನಿನ ‘ಪೊಲೀಸ್ ಎಕ್ಸಿಕ್ಯುಟಿವ್ ರಿಸರ್ಚ್ ಫೋರಂ’ ಎಂಬ ಸಂಸ್ಥೆ ಅವರನ್ನು ಕರೆದೊಯ್ದಿತ್ತು. ಅವರು ಮುಖ್ಯವಾಗಿ ತಿಳಿಯಬಯಸಿದ್ದು ಇಷ್ಟು: ಕೈಯಲ್ಲಿ ಚಾಕು ಹಿಡಿದು, ಮನಸ್ಸಿನ ಸ್ಥಿಮಿತ ಕಳೆದುಕೊಂಡು ಕೂಗಾಡುತ್ತಿರುವ ಮನುಷ್ಯನನ್ನು, ಸೊಂಟದಲ್ಲಿ ಪಿಸ್ತೂಲೇ ಇಲ್ಲದ ಪೊಲೀಸರು ಹೇಗೆ ನಿಭಾಯಿಸುತ್ತಾರೆ?

ಸ್ಕಾಟ್ಲೆಂಡಿನವರ ಉತ್ತರದಲ್ಲಿ ಯಾವ ಚಮತ್ಕಾರವೂ ಇರಲಿಲ್ಲ. ದೂರವನ್ನು ಕಾಯ್ದುಕೊಳ್ಳುವುದು, ನಡುವೆ ಏನಾದರೊಂದು ಅಡ್ಡವಿರುವಂತೆ ನೋಡಿಕೊಳ್ಳುವುದು, ಅಗತ್ಯ ಬಿದ್ದರೆ ಹಿಂದಕ್ಕೆ ಸರಿಯುವುದು, ಮಾತು ಬೆಳೆಸಿ ಸಮಯವನ್ನು ಗಳಿಸುವುದು, ಸಹಾಯಕ್ಕೆ ಮತ್ತಷ್ಟು ಮಂದಿ ಬರುವವರೆಗೆ ಕಾಯುವುದು. ಅಮೆರಿಕದ ಅಧಿಕಾರಿಗಳಿಗೆ ಇದು ಹೊಸದಾಗಿ ಕಂಡಿತು. ಏಕೆಂದರೆ ಅಲ್ಲಿನ ತರಬೇತಿ ಶಾಲೆಗಳಲ್ಲಿ ‘21 ಅಡಿಯ ನಿಯಮ’ ಎಂಬುದೊಂದು ದಶಕಗಳಿಂದ ಬೇರೂರಿತ್ತು. ಚಾಕು ಹಿಡಿದವನು 21 ಅಡಿಯ ಅಂತರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ದಾಟಬಲ್ಲ ಎಂದು ಸಾಲ್ಟ್ ಲೇಕ್ ನಗರದ ಪೊಲೀಸ್ ತರಬೇತುದಾರರೊಬ್ಬರು 1983ರಲ್ಲಿ ಬರೆದಿದ್ದರು. ಎಚ್ಚರಿಕೆಯೆಂದು ಬರೆದ ಆ ಮಾತು ಬಾಯಿಂದ ಬಾಯಿಗೆ ಸಾಗಿ, ‘21 ಅಡಿಯೊಳಗೆ ಬಂದರೆ ಗುಂಡು ಹಾರಿಸಬಹುದು’ ಎಂಬ ಅರ್ಥ ಪಡೆದುಕೊಂಡಿತು. ಯಾವ ಕಾನೂನಿನ ಪುಸ್ತಕದಲ್ಲಿಯೂ ಇಲ್ಲದ ನಿಯಮವೊಂದು ಕವಾಯತು ಮೈದಾನದಲ್ಲಿ ಹುಟ್ಟಿ ಬೀದಿಗೆ ಇಳಿದದ್ದು ಹೀಗೆ.

ಪೊಲೀಸ್ ತರಬೇತಿಯ ಮಾತು ಬಂದಾಗ ನಾವು ಸಾಮಾನ್ಯವಾಗಿ ಕೇಳುವ ಪ್ರಶ್ನೆ ‘ಎಷ್ಟು ತಿಂಗಳು?’ ಎಂಬುದು. ಅದಕ್ಕೆ ಉತ್ತರ ಕೊಡುವುದು ಕಷ್ಟವಲ್ಲ. ನಾರ್ವೆ ಮತ್ತು ಫಿನ್ಲೆಂಡಿನಲ್ಲಿ ಮೂರು ವರ್ಷ. ಜರ್ಮನಿಯಲ್ಲಿ ಎರಡೂವರೆಯಿಂದ ಮೂರು ವರ್ಷ. ಜಪಾನಿನಲ್ಲಿ ಒಂದೂಕಾಲು ವರ್ಷದಿಂದ ಒಂದೂಮುಕ್ಕಾಲು ವರ್ಷ. ಅಮೆರಿಕದಲ್ಲಿ ಸರಾಸರಿ ಐದು ತಿಂಗಳು. ಭಾರತದ ಕಾನ್ಸ್‌ಟೇಬಲ್‌ಗೆ ಸುಮಾರು ಒಂಬತ್ತು ತಿಂಗಳು. ಆದರೆ ಈ ಪಟ್ಟಿ ಅರ್ಧ ಸತ್ಯವನ್ನು ಮಾತ್ರ ಹೇಳುತ್ತದೆ. ಅಮೆರಿಕದವರು ಹುಡುಕಿಕೊಂಡು ಹೋದ ಅದೇ ಟುಲಿಯಾಲನ್‌ನಲ್ಲಿ ಹೊಸ ಪೊಲೀಸರ ಆರಂಭಿಕ ಪಾಠ ಮುಗಿಯುವುದು ಸುಮಾರು ಮೂರೇ ತಿಂಗಳಲ್ಲಿ! ಉಳಿದದ್ದನ್ನು ಅವರು ಎರಡು ವರ್ಷಗಳ ಪರೀಕ್ಷಾವಧಿಯಲ್ಲಿ, ಬೀದಿಯಲ್ಲಿ, ಹಿರಿಯರ ಕಣ್ಗಾವಲಿನಲ್ಲಿ ಕಲಿಯುತ್ತಾರೆ. ಆದ್ದರಿಂದ ತಿಂಗಳುಗಳನ್ನು ಎಣಿಸುವುದಕ್ಕಿಂತ, ಆ ತಿಂಗಳುಗಳಲ್ಲಿ ಪೊಲೀಸನನ್ನು ಯಾವ ಕೆಲಸಕ್ಕೆಂದು ಸಿದ್ಧಪಡಿಸಲಾಗುತ್ತದೆ, ತರಗತಿಯಿಂದ ಹೊರಬಿದ್ದ ಮೇಲೆ ಅವನು ಯಾರ ಕೈಗೆ ಸಿಗುತ್ತಾನೆ ಎಂಬುದನ್ನು ನೋಡುವುದು ಹೆಚ್ಚು ಉಪಯುಕ್ತ.

ಸಂಬಳವಿಲ್ಲದ ವಿದ್ಯಾರ್ಥಿ ಪೊಲೀಸ್

ನಾರ್ವೆಯಲ್ಲಿ ಪೊಲೀಸ್ ಆಗಬಯಸುವವರು ಮೊದಲು ವಿದ್ಯಾರ್ಥಿಗಳಾಗಬೇಕು. ಅಲ್ಲಿನ ಪೊಲೀಸ್ ಶಾಲೆ 1992ರಲ್ಲಿ ಉನ್ನತ ಶಿಕ್ಷಣ ಸಂಸ್ಥೆಯ ಸ್ಥಾನ ಪಡೆಯಿತು. ಇಂದು ಅದು ಮೂರು ವರ್ಷಗಳ ಪದವಿ ನೀಡುವ ಪೊಲೀಸ್ ವಿಶ್ವವಿದ್ಯಾಲಯ ಕಾಲೇಜು. ಇಲ್ಲಿ ಸೇರುವವರಿಗೆ ಸಂಬಳವಿಲ್ಲ. ಇತರ ವಿದ್ಯಾರ್ಥಿಗಳಂತೆಯೇ ಸರ್ಕಾರದ ಶಿಕ್ಷಣ ಸಾಲದಲ್ಲಿ ಓದುತ್ತಾರೆ. ನಮ್ಮವರಿಗೆ ಇದು ವಿಚಿತ್ರವೆನಿಸಬಹುದು. ನಮ್ಮಲ್ಲಿ ಬಡ ಕುಟುಂಬದ ಹುಡುಗ ಪೊಲೀಸ್ ಕೆಲಸಕ್ಕೆ ಹಂಬಲಿಸುವುದೇ ತರಬೇತಿಯ ಮೊದಲ ತಿಂಗಳಿನಿಂದ ವೇತನ ಕೈಸೇರುತ್ತದೆ ಎಂಬ ಕಾರಣಕ್ಕೆ. ಆದರೆ ನಾರ್ವೆಯ ಪದ್ಧತಿಗೆ ಒಂದು ಗುಣವಿದೆ. ಓದುತ್ತಿರುವಾಗ ಆತ ಇನ್ನೂ ಇಲಾಖೆಯ ನೌಕರನಲ್ಲ. ಜನ ಸಾಲದೆಂದು ಅವನನ್ನು ತರಗತಿಯಿಂದ ಎಬ್ಬಿಸಿ ಬಂದೋಬಸ್ತಿಗೆ ಕಳುಹಿಸುವಂತಿಲ್ಲ.

ಮೊದಲ ವರ್ಷ ಕಾಲೇಜಿನಲ್ಲಿ ಕಾನೂನು, ಮನಶ್ಶಾಸ್ತ್ರ, ಸಮಾಜಶಾಸ್ತ್ರ, ನೀತಿಶಾಸ್ತ್ರದ ಪಾಠ. ಎರಡನೆಯ ವರ್ಷವಿಡೀ ಯಾವುದಾದರೊಂದು ಪೊಲೀಸ್ ಜಿಲ್ಲೆಯಲ್ಲಿ ಮಾರ್ಗದರ್ಶಕ ಅಧಿಕಾರಿಯ ಜೊತೆ ಪ್ರಾಯೋಗಿಕ ಕೆಲಸ. ಮೂರನೆಯ ವರ್ಷ ಮತ್ತೆ ಕಾಲೇಜಿಗೆ. ಈ ‘ಮತ್ತೆ’ ಎಂಬ ಪದದಲ್ಲಿಯೇ ಇಡೀ ವ್ಯವಸ್ಥೆಯ ಜಾಣ್ಮೆ ಅಡಗಿದೆ. ಬೀದಿಯಲ್ಲಿ ಕಂಡದ್ದನ್ನು, ಹಿರಿಯರು ಮಾಡಿದ್ದನ್ನು, ತಾನು ಎಡವಿದ್ದನ್ನು ಹೊತ್ತುಕೊಂಡು ವಿದ್ಯಾರ್ಥಿ ತರಗತಿಗೆ ಮರಳುತ್ತಾನೆ. ಒಂದು ವರ್ಷದ ಹಿಂದೆ ಒಣ ಪಾಠವಾಗಿದ್ದ ಕಾನೂನಿನ ಸೆಕ್ಷನ್ನಿಗೆ ಈಗ ಒಂದು ಮುಖ, ಒಂದು ಮನೆ, ಒಂದು ಜಗಳ ಅಂಟಿಕೊಂಡಿರುತ್ತದೆ. ಅಲ್ಲಿನ ಗಸ್ತು ಪೊಲೀಸರು ದಶಕಗಳ ಕಾಲ ಬಂದೂಕನ್ನು ವಾಹನದೊಳಗೆ ಬೀಗ ಹಾಕಿಟ್ಟು ಕೆಲಸ ಮಾಡಿದವರು ಎಂಬುದನ್ನೂ ಇಲ್ಲಿ ನೆನೆಯಬೇಕು. ಆಯುಧ ಕೈಗೆಟುಕದಿದ್ದಾಗ ಮಾತು ಮತ್ತು ವಿವೇಚನೆಯನ್ನು ಹರಿತಗೊಳಿಸಿಕೊಳ್ಳಲೇಬೇಕಾಗುತ್ತದೆ.

ಹಾಗೆಂದು ಮೂರು ವರ್ಷದ ಪದವಿ ಎಲ್ಲಕ್ಕೂ ಮದ್ದಲ್ಲ. 2011ರ ಜುಲೈ 22ರಂದು ಓಸ್ಲೊ ನಗರದ ಸರ್ಕಾರಿ ಕಟ್ಟಡಗಳ ಬಳಿ ಬಾಂಬ್ ಸ್ಫೋಟಿಸಿದ ವ್ಯಕ್ತಿಯೇ ಉಟೋಯಾ ದ್ವೀಪಕ್ಕೆ ಹೋಗಿ ಯುವಜನರ ಶಿಬಿರದ ಮೇಲೆ ಗುಂಡಿನ ಮಳೆಗರೆದ. ಎರಡೂ ಕಡೆ ಸೇರಿ 77 ಮಂದಿ ಸತ್ತರು. ಮರುವರ್ಷ ವರದಿ ನೀಡಿದ ವಿಚಾರಣಾ ಆಯೋಗವು, ಪೊಲೀಸರು ಇನ್ನೂ ಬೇಗ ದ್ವೀಪವನ್ನು ತಲುಪಬಹುದಾಗಿತ್ತು, ಮಾಹಿತಿ ಹಂಚಿಕೆ ಹಾಗೂ ಸಮನ್ವಯದಲ್ಲಿ ಇಲಾಖೆ ವಿಫಲವಾಯಿತು ಎಂದು ಕಟುವಾಗಿಯೇ ಹೇಳಿತು. ಒಬ್ಬೊಬ್ಬ ಪೊಲೀಸನನ್ನು ಚೆನ್ನಾಗಿ ಓದಿಸುವುದು ಬೇರೆ, ಇಡೀ ಇಲಾಖೆ ಒಂದೇ ದೇಹದಂತೆ ಓಡುವುದು ಬೇರೆ.

ಜರ್ಮನಿಯಲ್ಲಿ ಪೊಲೀಸ್ ರಾಜ್ಯಗಳ ವಿಷಯ, ನಮ್ಮಲ್ಲಿದ್ದಂತೆಯೇ. ಬವೇರಿಯಾದಲ್ಲಿ ಎರಡೂವರೆ ವರ್ಷದ ತರಬೇತಿಯಿಂದ ಕೆಳಹಂತದ ಹುದ್ದೆಗೆ ಸೇರಬಹುದು; ನಾರ್ಥ್ ರೈನ್-ವೆಸ್ಟ್‌ಫಾಲಿಯಾದಲ್ಲಿ ಮೂರು ವರ್ಷದ ಪದವಿ ಇಲ್ಲದೆ ಸಮವಸ್ತ್ರವೇ ಇಲ್ಲ. ಹಿಟ್ಲರನ ಕಾಲದಲ್ಲಿ ಸಾಮಾನ್ಯ ಪೊಲೀಸರೇ ಹತ್ಯಾಕಾಂಡದ ಕೈಗಳಾದ ಇತಿಹಾಸ ಆ ದೇಶಕ್ಕಿದೆ. ಸಂವಿಧಾನ ಮತ್ತು ಮೂಲಭೂತ ಹಕ್ಕುಗಳ ಪಾಠ ಅಲ್ಲಿ ಪರೀಕ್ಷೆಗಷ್ಟೇ ಸೀಮಿತವಾಗದಿರಲು ಆ ನೆನಪೂ ಒಂದು ಕಾರಣ.

ಕ್ಷೌರಿಕನಿಗೆ ಸಾವಿರ ಗಂಟೆ

ಇನ್ನು ಅಮೆರಿಕ. ಅಲ್ಲಿ ‘ಅಮೆರಿಕದ ಪೊಲೀಸ್’ ಎಂಬ ಒಂದೇ ವಸ್ತು ಇಲ್ಲ. ನಗರ, ಕೌಂಟಿ, ರಾಜ್ಯ, ವಿಶ್ವವಿದ್ಯಾಲಯ ಹೀಗೆ ಸುಮಾರು 18,000 ಪ್ರತ್ಯೇಕ ಪೊಲೀಸ್ ಸಂಸ್ಥೆಗಳಿವೆ. ಅವುಗಳಲ್ಲಿ ಬಹುಪಾಲು ಬಹಳ ಚಿಕ್ಕವು. ತರಬೇತಿಯ ಕನಿಷ್ಠ ಮಟ್ಟವನ್ನು ನಿಗದಿಪಡಿಸುವುದು ಆಯಾ ರಾಜ್ಯ. ಸ್ವತಃ ಒಕ್ಕೂಟ ಸರ್ಕಾರದ ನ್ಯಾಯ ಇಲಾಖೆಯ ಅಂಕಿಅಂಶ ವಿಭಾಗವೇ ಈ ಶಾಲೆಗಳ ಸಮೀಕ್ಷೆ ನಡೆಸುತ್ತದೆ. 2013ರ ಸಮೀಕ್ಷೆಯ ಪ್ರಕಾರ ದೇಶದಲ್ಲಿ 664 ತರಬೇತಿ ಶಾಲೆಗಳಿದ್ದವು. ಸರಾಸರಿ ಅವಧಿ ಸುಮಾರು 840 ಗಂಟೆ, ಅಂದರೆ 21 ವಾರ. ಅದರಲ್ಲಿ ಬಂದೂಕಿನ ಅಭ್ಯಾಸಕ್ಕೆ 71 ಗಂಟೆ, ಕೈಮಿಲಾವಣೆಯ ಆತ್ಮರಕ್ಷಣೆಗೆ 60 ಗಂಟೆ, ಮಾನಸಿಕ ಅಸ್ವಸ್ಥರನ್ನು ನಿಭಾಯಿಸುವ ಪಾಠಕ್ಕೆ ಸುಮಾರು 10 ಗಂಟೆ. 2018ರ ಸಮೀಕ್ಷೆಯಲ್ಲಿಯೂ ಸರಾಸರಿ 833 ಗಂಟೆಯೇ.

ಕ್ಯಾಲಿಫೋರ್ನಿಯಾದಲ್ಲಿ ಪೊಲೀಸ್ ಮೂಲ ತರಬೇತಿಗೆ ರಾಜ್ಯ ವಿಧಿಸಿರುವ ಕನಿಷ್ಠ ಮಿತಿ 664 ಗಂಟೆ. ಅದೇ ರಾಜ್ಯದಲ್ಲಿ ಕ್ಷೌರಿಕನ ಪರವಾನಗಿ ಬೇಕೆನ್ನುವವರು 1,000 ಗಂಟೆ ಕಲಿಯಬೇಕು. 2022ಕ್ಕೆ ಮೊದಲು 1,500 ಗಂಟೆ ಕಲಿಯಬೇಕಾಗಿತ್ತು. ಈ ಹೋಲಿಕೆಯನ್ನು ಅಮೆರಿಕದ ಟೀಕಾಕಾರರು ಮತ್ತೆ ಮತ್ತೆ ಎತ್ತಿ ಆಡುತ್ತಾರೆ. ನ್ಯಾಯವಾಗಿ ಹೇಳಬೇಕೆಂದರೆ, ಅಲ್ಲಿನ ಹೆಚ್ಚಿನ ಶಾಲೆಗಳು ಕನಿಷ್ಠ ಮಿತಿಗಿಂತ ಸಾಕಷ್ಟು ಹೆಚ್ಚು ಕಲಿಸುತ್ತವೆ. ಆದರೂ ಕತ್ತರಿ ಹಿಡಿಯುವವನಿಗೆ ಕಾನೂನು ವಿಧಿಸುವ ಕಲಿಕೆ ಬಂದೂಕು ಹಿಡಿಯುವವನಿಗಿಂತ ಹೆಚ್ಚಾಗಿರುವುದು ಯೋಚಿಸಬೇಕಾದ ಸಂಗತಿಯೇ.

ಶಾಲೆಯಿಂದ ಹೊರಬಂದ ಹೊಸಬರನ್ನು ಅನುಭವಿ ಅಧಿಕಾರಿಯೊಬ್ಬರ ಜೊತೆ ಗಸ್ತು ವಾಹನದಲ್ಲಿ ಕೂರಿಸುವ ಪದ್ಧತಿ ಅಲ್ಲಿದೆ. 1970ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ನಗರದಲ್ಲಿ ರೂಪುಗೊಂಡ ಈ ಕ್ರಮ ದೇಶವಿಡೀ ಹರಡಿತು. ಪಕ್ಕದ ಆಸನದಲ್ಲಿರುವ ಹಿರಿಯ ಅಧಿಕಾರಿ ಕಿರಿಯನಿಗೆ ದಿನದಿನವೂ ಅಂಕ ಕೊಡುತ್ತಾನೆ. ಉದ್ದೇಶ ಒಳ್ಳೆಯದೇ. ಆದರೆ ಅಂಕ ಕೊಡುವ ಗುರು ಎಂಥವನು ಎಂಬುದರ ಮೇಲೆ ಶಿಷ್ಯ ಕಲಿಯುವುದೆಲ್ಲ ನಿಂತಿದೆ.

2020ರ ಮೇ 25ರಂದು ಮಿನಿಯಾಪೊಲಿಸ್ ನಗರದ ರಸ್ತೆಯಲ್ಲಿ ಜಾರ್ಜ್ ಫ್ಲಾಯ್ಡ್ ಅವರ ಕುತ್ತಿಗೆಯ ಮೇಲೆ ಒಂಬತ್ತು ನಿಮಿಷಕ್ಕೂ ಹೆಚ್ಚು ಕಾಲ ಮೊಣಕಾಲೂರಿದ ಡೆರೆಕ್ ಶೋವಿನ್ ಇಂತಹ ತರಬೇತುದಾರ ಅಧಿಕಾರಿ. ಅವನಿಗೆ ಸುಮಾರು 19 ವರ್ಷಗಳ ಸೇವೆಯಾಗಿತ್ತು. ಅಂದು ಸ್ಥಳದಲ್ಲಿದ್ದ ನಾಲ್ವರಲ್ಲಿ ಇಬ್ಬರು ತೀರಾ ಹೊಸಬರು. ಸ್ವತಂತ್ರ ಕರ್ತವ್ಯಕ್ಕೆ ಬಂದು ಒಂದು ವಾರವೂ ಕಳೆದಿರಲಿಲ್ಲ. ಅವರಲ್ಲಿ ಒಬ್ಬನಿಗೆ ಶೋವಿನ್‌ನೇ ತರಬೇತುದಾರನಾಗಿದ್ದ. ಇನ್ನೊಬ್ಬ ಹೊಸಬ, ಫ್ಲಾಯ್ಡ್ ಅವರನ್ನು ಪಕ್ಕಕ್ಕೆ ಹೊರಳಿಸೋಣವೇ ಎಂದು ಎರಡು ಬಾರಿ ಕೇಳಿದ. ಶೋವಿನ್ ಒಪ್ಪಲಿಲ್ಲ. ಕೇಳಿದವನು ಸುಮ್ಮನಾದ.

ಕುತ್ತಿಗೆಯನ್ನು ಒತ್ತಿ ಹಿಡಿದಿದ್ದವನನ್ನು ಪಕ್ಕಕ್ಕೆ ಹೊರಳಿಸಿ ಉಸಿರಾಡಲು ಬಿಡಬೇಕೆಂಬುದು ಆ ಹುಡುಗ ತರಗತಿಯಲ್ಲಿ ಕಲಿತ ಪಾಠ. ಹಿರಿಯ ಬೇಡವೆಂದರೆ ಬೇಡ ಎಂಬುದು ಬೀದಿಯ ಪಾಠ. ಎರಡೂ ಎದುರಾದಾಗ ಗೆದ್ದದ್ದು ಬೀದಿಯ ಪಾಠ. 2021ರಲ್ಲಿ ಶೋವಿನ್ ವಿಚಾರಣೆ ನಡೆದಾಗ ನಗರದ ಪೊಲೀಸ್ ಮುಖ್ಯಸ್ಥರೇ ಸಾಕ್ಷಿ ಹೇಳಿ, ಇದು ಇಲಾಖೆಯ ತರಬೇತಿಗೂ ನೀತಿಗೂ ವಿರುದ್ಧವೆಂದರು. ಉಳಿದ ಮೂವರ ವಿರುದ್ಧ ಒಕ್ಕೂಟದ ನ್ಯಾಯಾಲಯದಲ್ಲಿ ನಡೆದ ವಿಚಾರಣೆಯಲ್ಲಿ ಪ್ರತಿವಾದಿ ವಕೀಲರು ತರಬೇತಿಯ ಕೊರತೆಯನ್ನೂ ಹಿರಿಯನಿಗೆ ತಲೆಬಾಗುವ ರೂಢಿಯನ್ನೂ ಮುಂದಿಟ್ಟರು. 2022ರ ಫೆಬ್ರುವರಿಯಲ್ಲಿ ತೀರ್ಪುಗಾರರು ಆ ವಾದವನ್ನು ಒಪ್ಪದೆ ಮೂವರನ್ನೂ ತಪ್ಪಿತಸ್ಥರೆಂದರು.

ಟುಲಿಯಾಲನ್‌ನಿಂದ ಮರಳಿದವರ ಕಥೆ ಏನಾಯಿತು? ಸ್ಕಾಟ್ಲೆಂಡಿನಲ್ಲಿ ಕಂಡದ್ದನ್ನೂ ಬ್ರಿಟನ್ನಿನ ಪೊಲೀಸರು ಬಳಸುವ ನಿರ್ಧಾರ ಕ್ರಮವನ್ನೂ ಆಧರಿಸಿ 2016ರಲ್ಲಿ ಅವರು ‘ಐಕ್ಯಾಟ್’ ಎಂಬ ಹೊಸ ಪಾಠಕ್ರಮವನ್ನು ಸಿದ್ಧಪಡಿಸಿದರು. 21 ಅಡಿಯ ನಿಯಮವನ್ನು ಕೈಬಿಡಬೇಕೆಂದು ಬಹಿರಂಗವಾಗಿಯೇ ಸಾರಿದರು. ಕೆಂಟಕಿ ರಾಜ್ಯದ ಲೂಯಿವಿಲ್ ನಗರದ ಪೊಲೀಸರಿಗೆ 2019ರಲ್ಲಿ ಈ ತರಬೇತಿ ನೀಡಲಾಯಿತು. ಸಿನ್ಸಿನಾಟಿ ವಿಶ್ವವಿದ್ಯಾಲಯದ ಸಂಶೋಧಕರು ಅದರ ಫಲವನ್ನು ಅಳೆದು ನೋಡಿದಾಗ ಬಲಪ್ರಯೋಗದ ಪ್ರಕರಣಗಳು ಶೇ 28ರಷ್ಟು, ನಾಗರಿಕರಿಗೆ ಗಾಯಗಳಾಗುವುದು ಶೇ 26ರಷ್ಟು, ಸ್ವತಃ ಪೊಲೀಸರಿಗೆ ಗಾಯಗಳಾಗುವುದು ಶೇ 36ರಷ್ಟು ಇಳಿದಿದ್ದವು. ಕೊನೆಯ ಅಂಕಿಯನ್ನು ವಿಶೇಷವಾಗಿ ಗಮನಿಸಬೇಕು. ಮೃದುವಾದರೆ ನಾವೇ ಸಾಯುತ್ತೇವೆ ಎಂಬ ಪೊಲೀಸರ ಹಳೆಯ ಭಯಕ್ಕೆ ಅದು ಉತ್ತರ.

ಅದೇ ಲೂಯಿವಿಲ್‌ನಲ್ಲಿ 2020ರ ಮಾರ್ಚ್ 13ರ ನಡುರಾತ್ರಿ ಶೋಧನಾ ವಾರಂಟ್ ಹಿಡಿದು ಮನೆಯ ಬಾಗಿಲು ಒಡೆದು ನುಗ್ಗಿದ ಪೊಲೀಸರ ಗುಂಡಿಗೆ ಬ್ರಿಯೊನಾ ಟೇಲರ್ ಎಂಬ 26ರ ಹರೆಯದ ಆರೋಗ್ಯ ಕಾರ್ಯಕರ್ತೆ ಬಲಿಯಾದರು. ಗಸ್ತು ಪೊಲೀಸನಿಗೆ ತಾಳ್ಮೆ ಕಲಿಸಿದ ಮಾತ್ರಕ್ಕೆ, ನಡುರಾತ್ರಿ ಬಾಗಿಲು ಒಡೆಯಲು ಮೇಲಿನಿಂದ ಬರುವ ಯೋಜನೆ ಬದಲಾಗುವುದಿಲ್ಲ.

ಪದವಿಯ ಜಗಳ

ಇಂಗ್ಲೆಂಡಿನ ಅನುಭವ ಬೇರೆ ಬಗೆಯದು. 1829ರಲ್ಲಿ ರಾಬರ್ಟ್ ಪೀಲ್ ಲಂಡನ್ನಿನಲ್ಲಿ ಪೊಲೀಸ್ ಪಡೆ ಕಟ್ಟಿದಾಗಿನಿಂದ ಅಲ್ಲಿನ ಕಾನ್ಸ್‌ಟೇಬಲ್ ಕಾನೂನಿನ ದೃಷ್ಟಿಯಲ್ಲಿ ಸ್ವತಂತ್ರ ಅಧಿಕಾರಿ. ಬಂಧಿಸಬೇಕೇ ಬೇಡವೇ ಎಂಬ ನಿರ್ಧಾರ ಅವನದೇ. ಅದರ ಹೊಣೆಯೂ ಅವನದೇ. ಮೇಲಧಿಕಾರಿ ಆಜ್ಞೆಯಿತ್ತರು ಎಂಬುದು ಪೂರ್ಣ ಸಮರ್ಥನೆಯಾಗುವುದಿಲ್ಲ. ಇಷ್ಟು ಹೊಣೆ ಹೊರುವವನು ಪದವೀಧರನಾಗಿರಬೇಡವೇ ಎಂಬ ಪ್ರಶ್ನೆ ಬಹುಕಾಲ ಚರ್ಚೆಯಲ್ಲಿತ್ತು. ಕೊನೆಗೆ, 2012ರಲ್ಲಿ ಸ್ಥಾಪಿತವಾದ ಕಾಲೇಜ್ ಆಫ್ ಪೊಲೀಸಿಂಗ್ ಹೊಸ ಚೌಕಟ್ಟೊಂದನ್ನು ರೂಪಿಸಿತು. ಪದವಿ ಇಲ್ಲದವರು ಕೆಲಸ ಮಾಡುತ್ತಲೇ ಮೂರು ವರ್ಷದಲ್ಲಿ ಪದವಿ ಪಡೆಯಬೇಕು. ಪದವಿ ಇದ್ದವರಿಗೆ ಎರಡು ವರ್ಷದ ವಿಶೇಷ ಶಿಕ್ಷಣ.

ಇಲಾಖೆಯೊಳಗಿನಿಂದಲೇ ವಿರೋಧ ಎದ್ದಿತು. ಲಿಂಕನ್‌ಶೈರ್ ಜಿಲ್ಲೆಯ ಪೊಲೀಸ್ ಮುಖ್ಯಸ್ಥರು 2019ರಲ್ಲಿ ಹೈಕೋರ್ಟಿನ ಮೆಟ್ಟಿಲನ್ನೇ ಹತ್ತಿ ಸೋತರು. ಅವರ ದೂರು ಸರಳವಾಗಿತ್ತು: ಹೊಸಬರು ತರಗತಿಯಲ್ಲಿ ಕುಳಿತಿದ್ದರೆ ಬೀದಿಯಲ್ಲಿ ಯಾರಿರಬೇಕು? ಚಿಕ್ಕ ಪಡೆಗೆ ಇದು ಸಣ್ಣ ಪ್ರಶ್ನೆಯಲ್ಲ. ಅದೇ ವೇಳೆಗೆ ಮೂರು ವರ್ಷದಲ್ಲಿ 20,000 ಹೊಸ ಪೊಲೀಸರನ್ನು ಸೇರಿಸಿಕೊಳ್ಳುವ ಸರ್ಕಾರದ ಭರವಸೆಯೂ ಬಂದಿತು. ಸೇನೆಯಿಂದ ನಿವೃತ್ತರಾಗಿ ಬರುವವರು, ಮಕ್ಕಳನ್ನು ಬೆಳೆಸಿ ನಡುವಯಸ್ಸಿನಲ್ಲಿ ಬರುವ ಮಹಿಳೆಯರು ಪ್ರಬಂಧ ಬರೆಯುವ ಭಯಕ್ಕೆ ಹಿಂಜರಿಯುತ್ತಾರೆ ಎಂಬ ವಾದ ಬಲವಾಯಿತು. 2022ರಲ್ಲಿ ಗೃಹ ಸಚಿವರು ಪದವಿರಹಿತ ಮಾರ್ಗವನ್ನು ಉಳಿಸುವುದಾಗಿ ಘೋಷಿಸಿದರು. 2024ರಿಂದ ಎರಡು ವರ್ಷಗಳ ಹೊಸ ಪ್ರವೇಶ ತರಬೇತಿ ಆರಂಭವಾಯಿತು. ನಾರ್ವೆಯಲ್ಲಿ ಗಟ್ಟಿಯಾಗಿ ನಿಂತದ್ದು ಇಂಗ್ಲೆಂಡಿನಲ್ಲಿ ಏಕೆ ಅಲುಗಾಡಿತು? ನನಗೆ ಕಾಣುವಂತೆ, ನಾರ್ವೆ ಓದು ಮುಗಿಸಿದವರನ್ನು ನೌಕರಿಗೆ ತೆಗೆದುಕೊಂಡಿತು. ಇಂಗ್ಲೆಂಡ್ ನೌಕರಿಗೆ ತೆಗೆದುಕೊಂಡವರನ್ನು ಓದಿಸಹೊರಟಿತು. ದಿನದ ಪಾಳಿ ಮುಗಿಸಿ ರಾತ್ರಿ ಪ್ರಬಂಧ ಬರೆಯುವುದು ಎಷ್ಟು ಜನರಿಂದ ಸಾಧ್ಯ?

ಜಪಾನ್ ಮಧ್ಯಮ ಮಾರ್ಗ ಹಿಡಿದಿದೆ. ಪ್ರೌಢಶಾಲೆ ಮುಗಿಸಿ ಬಂದವರಿಗೆ ಮೊದಲು ಹತ್ತು ತಿಂಗಳು, ಪದವೀಧರರಿಗೆ ಆರು ತಿಂಗಳು ಪೊಲೀಸ್ ಶಾಲೆಯಲ್ಲಿ ವಾಸ. ಜೂಡೊ ಅಥವಾ ಕೆಂಡೊ ಕಡ್ಡಾಯ. ಬಳಿಕ ‘ಕೋಬಾನ್’ ಎಂಬ ಬೀದಿಮೂಲೆಯ ಪುಟ್ಟ ಪೊಲೀಸ್ ಚೌಕಿಯಲ್ಲಿ ಕೆಲಸ. ಕೆಲವು ತಿಂಗಳ ನಂತರ ಮತ್ತೆ ಶಾಲೆಗೆ, ಅನಂತರ ಮತ್ತೆ ಚೌಕಿಗೆ. ದಾರಿ ತಪ್ಪಿದ ಮುದುಕರಿಗೆ ವಿಳಾಸ ತೋರಿಸುವುದು, ಕಳೆದುಹೋದ ಕೊಡೆಗೆ ರಸೀದಿ ಬರೆಯುವುದು, ವ್ಯಾಪ್ತಿಯ ಮನೆಮನೆಗೆ ಆಗಾಗ ಭೇಟಿ ನೀಡುವುದು ಅಲ್ಲಿನ ದಿನಚರಿ. 2025ರಲ್ಲಿ ಕರ್ನಾಟಕ ಪೊಲೀಸರು ಆರಂಭಿಸಿದ ‘ಮನೆ ಮನೆಗೆ ಪೊಲೀಸ್’ ಕಾರ್ಯಕ್ರಮದ ಆಶಯವೂ ಇದಕ್ಕೆ ಹತ್ತಿರ. ವ್ಯತ್ಯಾಸವೆಂದರೆ ಜಪಾನಿನಲ್ಲಿ ಮನೆಭೇಟಿ ಹೊಸ ಪೊಲೀಸನ ಕಲಿಕೆಯ ಮೊದಲ ಅಧ್ಯಾಯ.

ನಮ್ಮ ನಾಲ್ಕು ಬಾಗಿಲು

ಪ್ರತಿವರ್ಷ ನಮ್ಮ ಪತ್ರಿಕೆಗಳಲ್ಲಿ ಒಂದು ಛಾಯಾಚಿತ್ರ ಬರುತ್ತದೆ. ಚನ್ನಪಟ್ಟಣದ್ದೋ, ಐಮಂಗಲದ್ದೋ, ಖಾನಾಪುರದ್ದೋ, ಕಲಬುರಗಿಯದೋ ಪೊಲೀಸ್ ತರಬೇತಿ ಶಾಲೆಯ ಮೈದಾನ. ಒಂದೇ ಗೆರೆಯಲ್ಲಿ ಏಳುವ ಕಾಲುಗಳು. ಗೌರವ ವಂದನೆ ಸ್ವೀಕರಿಸುತ್ತಿರುವ ಗಣ್ಯರು. ‘ನಿರ್ಗಮನ ಪಥಸಂಚಲನ’ ಎಂದು ಅಡಿಬರಹ. ನೋಡಲು ಸೊಗಸೇ. ಆದರೆ ಅಳುತ್ತ ಬಂದ ಹೆಂಗಸಿನ ಮಾತನ್ನು ಕೇಳಿ ದೂರು ಬರೆದುಕೊಳ್ಳಲು ಪ್ರಶಿಕ್ಷಣಾರ್ಥಿಯೊಬ್ಬ ಕಲಿಯುತ್ತಿರುವ ಛಾಯಾಚಿತ್ರವನ್ನು ನಾನಂತೂ ಕಂಡಿಲ್ಲ.

ಕವಾಯತಿನ ಈ ಮಹತ್ವಕ್ಕೆ ಚರಿತ್ರೆಯಿದೆ. ಪೀಲ್ ಲಂಡನ್ನಿಗೆ ಕೊಟ್ಟ ಪೊಲೀಸ್ ಮಾದರಿಯನ್ನು ಬ್ರಿಟಿಷರು ಭಾರತಕ್ಕೆ ತರಲಿಲ್ಲ. ದಂಗೆಯೇಳುತ್ತಿದ್ದ ಐರ್ಲೆಂಡನ್ನು ಅಂಕೆಯಲ್ಲಿಡಲು ಕಟ್ಟಿದ ಸಶಸ್ತ್ರ ಪಡೆಯ ಮಾದರಿಯನ್ನು ತಂದರು. 1843ರಲ್ಲಿ ಸಿಂಧ್ ಪ್ರಾಂತ್ಯದಲ್ಲಿ ಚಾರ್ಲ್ಸ್ ನೇಪಿಯರ್ ಅದನ್ನು ಪ್ರಯೋಗಿಸಿದ. 1857ರ ಸಂಗ್ರಾಮದ ನಂತರ ಬಂದ 1861ರ ಪೊಲೀಸ್ ಕಾಯ್ದೆ ಅದನ್ನು ದೇಶಕ್ಕೆ ಹಬ್ಬಿಸಿತು. ಆ ವ್ಯವಸ್ಥೆಯಲ್ಲಿ ಯೋಚಿಸುವುದು ಅಧಿಕಾರಿಯ ಕೆಲಸ, ಪಾಲಿಸುವುದು ಕಾನ್ಸ್‌ಟೇಬಲ್‌ನ ಕೆಲಸ. ಪಾಲಿಸುವವನಿಗೆ ಕವಾಯತು ಸಾಕು.

ಇದು ಸರಿಯಿಲ್ಲವೆಂದು ಬ್ರಿಟಿಷರಿಗೇ ಗೊತ್ತಾಗಿತ್ತು. 1902–03ರ ಫ್ರೇಜರ್ ಆಯೋಗ ಪೊಲೀಸರ ತರಬೇತಿ ದೋಷಪೂರ್ಣವೆಂದು ಬರೆಯಿತು. ಸ್ವಾತಂತ್ರ್ಯಾನಂತರ ಸಮಾಜವಿಜ್ಞಾನಿ ಎಂ.ಎಸ್. ಗೋರೆ ಅಧ್ಯಕ್ಷತೆಯ ಸಮಿತಿ 1971–73ರಲ್ಲಿ ಪೊಲೀಸ್ ತರಬೇತಿಯನ್ನೇ ವಿಷಯವಾಗಿ ಅಧ್ಯಯನ ಮಾಡಿತು. ಹಿಂದೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಧರ್ಮವೀರ ಅವರ ಅಧ್ಯಕ್ಷತೆಯ ರಾಷ್ಟ್ರೀಯ ಪೊಲೀಸ್ ಆಯೋಗವಂತೂ ತನ್ನ ಮೊದಲ ವರದಿಯನ್ನೇ 1979ರಲ್ಲಿ ಕಾನ್ಸ್‌ಟೇಬಲ್‌ಗಳ ಸ್ಥಿತಿಗತಿಗೆ ಮೀಸಲಿರಿಸಿತು. ಯಾಂತ್ರಿಕ ಕೆಲಸಕ್ಕೆಂದು ಸೃಷ್ಟಿಸಿದ ಹುದ್ದೆಯನ್ನು ವಿವೇಚನೆ ಬಳಸುವ ಹುದ್ದೆಯನ್ನಾಗಿ ಮಾರ್ಪಡಿಸಬೇಕು, ತನಿಖೆಯಲ್ಲಿ ಅವರಿಗೂ ಪಾಲಿರಬೇಕು, ಅದಕ್ಕೆ ತಕ್ಕ ತರಬೇತಿ ಬೇಕು ಎಂಬುದು ಅದರ ತಿರುಳು.

ಭಾರತದಲ್ಲಿ ಪೊಲೀಸ್ ಇಲಾಖೆಗೆ ನಾಲ್ಕು ಬಾಗಿಲುಗಳಿವೆ. ಕರ್ನಾಟಕವನ್ನೇ ನೋಡೋಣ. ಪಿಯುಸಿ ಓದಿದವರು ಸಿವಿಲ್ ಕಾನ್ಸ್‌ಟೇಬಲ್ ಆಗಿ ಸೇರುತ್ತಾರೆ. ಪದವೀಧರರು ಪಿಎಸ್‌ಐ ಆಗಿ, ಲೋಕಸೇವಾ ಆಯೋಗದ ಮೂಲಕ ಬಂದವರು ಡಿವೈಎಸ್‌ಪಿಗಳಾಗಿ ಮೈಸೂರಿನ ಕರ್ನಾಟಕ ಪೊಲೀಸ್ ಅಕಾಡೆಮಿಯಲ್ಲಿ ತರಬೇತಿ ಪಡೆಯುತ್ತಾರೆ. ಐಪಿಎಸ್‌ಗೆ ಆಯ್ಕೆಯಾದವರು ಮಸ್ಸೂರಿಯ ಆರಂಭಿಕ ತರಬೇತಿಯ ಬಳಿಕ ಹೈದರಾಬಾದಿನ ಸರ್ದಾರ್ ವಲ್ಲಭಭಾಯಿ ಪಟೇಲ್ ರಾಷ್ಟ್ರೀಯ ಪೊಲೀಸ್ ಅಕಾಡೆಮಿಗೆ ಹೋಗುತ್ತಾರೆ. ಜಿಲ್ಲಾ ಪ್ರಾಯೋಗಿಕ ತರಬೇತಿಯೂ ಸೇರಿ ಅವರ ಕಲಿಕೆ ಸುಮಾರು ಎರಡು ವರ್ಷ. ನಾರ್ವೆ, ಅಮೆರಿಕ, ಇಂಗ್ಲೆಂಡುಗಳಲ್ಲಿ ನಾಳಿನ ಮುಖ್ಯಸ್ಥನೂ ಬಹುಮಟ್ಟಿಗೆ ಇಂದಿನ ಕಾನ್ಸ್‌ಟೇಬಲ್‌ನ ಸಹಪಾಠಿ. ನಮ್ಮಲ್ಲಿ ಅವರಿಬ್ಬರೂ ಒಂದೇ ತರಗತಿಯಲ್ಲಿ ಎಂದೂ ಕೂಡುವುದಿಲ್ಲ.

ಪಡೆಯ ನೂರು ಜನರಲ್ಲಿ 85ಕ್ಕೂ ಹೆಚ್ಚು ಮಂದಿ ಕಾನ್ಸ್‌ಟೇಬಲ್ ಮತ್ತು ಹೆಡ್ ಕಾನ್ಸ್‌ಟೇಬಲ್‌ಗಳು. ಠಾಣೆಯ ಮೆಟ್ಟಿಲು ಹತ್ತಿದವರಿಗೆ ಮೊದಲು ಎದುರಾಗುವವರು ಅವರೇ. ಅಪಘಾತವಾದಲ್ಲಿಗೆ, ಗಂಡ-ಹೆಂಡಿರ ಜಗಳಕ್ಕೆ, ಹೊಲದ ಬದುವಿನ ಗಲಾಟೆಗೆ ಮೊದಲು ಬರುವವರೂ ಅವರೇ. ಒಂಬತ್ತು ತಿಂಗಳ ಅವರ ಪಠ್ಯದಲ್ಲಿ ಕಾನೂನು, ಮಾನವ ಹಕ್ಕು, ನಡೆನುಡಿಯ ಪಾಠಗಳಿಲ್ಲವೆಂದಲ್ಲ. ಇವೆ. ಆದರೆ ಮುಂಜಾವದ ಓಟ, ಕವಾಯತು, ಶಸ್ತ್ರಾಭ್ಯಾಸ ಮುಗಿಸಿ ಬಂದ ದಣಿದ ದೇಹ ಮಧ್ಯಾಹ್ನದ ತರಗತಿಯಲ್ಲಿ ಎಷ್ಟು ಗ್ರಹಿಸೀತು? ಕಲಿಸುವವರ ಮಾತೂ ಇದೆ. ತರಬೇತಿ ಶಾಲೆಗೆ ವರ್ಗವಾಗುವುದನ್ನು ಶಿಕ್ಷೆಯೆಂದು ಭಾವಿಸುವ ರೂಢಿ ನಮ್ಮ ದೇಶದ ಇಲಾಖೆಗಳಲ್ಲಿ ಹಳೆಯದು.

ಠಾಣೆಗೆ ಬಂದ ಮೇಲೆ ಹೊಸಬನ ಗುರು ಯಾರು? ನಾರ್ವೆಯಲ್ಲಿ ಹೆಸರಿಸಿ ನೇಮಿಸಿದ ಮಾರ್ಗದರ್ಶಕನಿದ್ದಾನೆ. ಅಮೆರಿಕದಲ್ಲಿ, ಒಳ್ಳೆಯವನೋ ಕೆಟ್ಟವನೋ, ದಿನದಿನವೂ ಅಂಕ ಬರೆಯುವವನಿದ್ದಾನೆ. ನಮ್ಮಲ್ಲಿ ಠಾಣೆಯ ರೈಟರ್ ಇದ್ದಾರೆ. ಎಫ್‌ಐಆರ್ ಹೇಗೆ ಬರೆಯಬೇಕು, ಮಹಜರಿನಲ್ಲಿ ಏನಿರಬೇಕು, ಯಾವ ದೂರಿಗೆ ಹಿಂಬರಹ ಕೊಟ್ಟು ಕಳುಹಿಸಬೇಕು ಎಂಬುದೆಲ್ಲ ಅವರ ಮೇಜಿನ ಸುತ್ತ ನೋಡಿ ಕಲಿಯುವ ವಿದ್ಯೆ. ಅವರು ದಕ್ಷರೂ ದಯಾವಂತರೂ ಆಗಿದ್ದರೆ ಹೊಸಬನ ಪುಣ್ಯ. ಅಲ್ಲದಿದ್ದರೆ, ‘ಟ್ರೈನಿಂಗಿನಲ್ಲಿ ಹೇಳಿದ್ದನ್ನೆಲ್ಲ ಮರೆತುಬಿಡು’ ಎಂಬ ಮೊದಲ ಉಪದೇಶ ಅಲ್ಲಿಯೇ ಸಿಗುತ್ತದೆ.

ಕಾಮನ್ ಕಾಸ್ ಮತ್ತು ಸಿಎಸ್‌ಡಿಎಸ್ ಸಂಸ್ಥೆಗಳು 21 ರಾಜ್ಯಗಳ 11,834 ಪೊಲೀಸ್ ಸಿಬ್ಬಂದಿಯನ್ನು ಮಾತನಾಡಿಸಿ 2019ರಲ್ಲಿ ಪ್ರಕಟಿಸಿದ ವರದಿಯು ಈ ಲೋಕವನ್ನು ತೆರೆದಿಟ್ಟಿತು. ದಿನಕ್ಕೆ ಸರಾಸರಿ 14 ಗಂಟೆ ಕೆಲಸ. ಸಣ್ಣ ಅಪರಾಧಗಳಿಗೆ ನ್ಯಾಯಾಲಯದ ವಿಚಾರಣೆಗಿಂತ ಪೊಲೀಸರೇ ಸಣ್ಣ ಶಿಕ್ಷೆ ಕೊಡುವುದು ಮೇಲು ಎಂದವರು ಶೇ 37. ಹಿಂದಿನ ಐದು ವರ್ಷಗಳಲ್ಲಿ ಸೇವಾವಧಿಯ ತರಬೇತಿ ಪಡೆದವರು ಪಡೆಯ ಸರಾಸರಿ ಶೇ 6ರ ಆಸುಪಾಸು. ಅಂದರೆ ಇಪ್ಪತ್ತರ ಹರೆಯದಲ್ಲಿ ಒಂಬತ್ತು ತಿಂಗಳು ಕಲಿತದ್ದನ್ನೇ ಬಂಡವಾಳವಾಗಿಸಿಕೊಂಡು ಬಹುಪಾಲು ಮಂದಿ ನಿವೃತ್ತಿಯವರೆಗೆ ನಡೆಯುತ್ತಾರೆ. ಈ ಮಾತನ್ನು ಪೊಲೀಸರನ್ನು ಹಳಿಯಲು ಹೇಳುತ್ತಿಲ್ಲ. 14 ಗಂಟೆ ನಿಂತವನನ್ನು ಯಾವ ತರಗತಿಗೆ ಕಳುಹಿಸುವುದು, ಕಳುಹಿಸಿದರೆ ಅವನ ಜಾಗದಲ್ಲಿ ನಿಲ್ಲುವವರು ಯಾರು? ಲಿಂಕನ್‌ಶೈರ್ ಮುಖ್ಯಸ್ಥರು ಕೇಳಿದ ಪ್ರಶ್ನೆಯೇ ನಮ್ಮ ಪ್ರತಿ ಠಾಣಾಧಿಕಾರಿಯದು.

2025ರ ಅಕ್ಟೋಬರಿನಲ್ಲಿ ಕರ್ನಾಟಕದ ಕಾನ್ಸ್‌ಟೇಬಲ್‌ಗಳ ಹಳೆಯ ಸ್ಲೋಚ್ ಹ್ಯಾಟ್ ಹೋಗಿ ನೀಲಿ ಬಣ್ಣದ ಹೊಸ ಟೋಪಿ ಬಂದಿತು. ಸಂತೋಷದ ವಿಷಯವೇ. ಟೋಪಿಯ ಕೆಳಗಿನ ತಲೆಗೆ ಅದಕ್ಕಿಂತ ಒಂದು ವರ್ಷ ಮೊದಲೇ ದೊಡ್ಡ ಹೊರೆ ಬಿದ್ದಿತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಮತ್ತು ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಗೆ ಬಂದವು. ಬಾಯಿಪಾಠವಾಗಿದ್ದ ಸೆಕ್ಷನ್‌ಗಳ ಸಂಖ್ಯೆಗಳೆಲ್ಲ ಬದಲಾದವು. ಶೋಧನೆ ಮತ್ತು ಜಪ್ತಿಯನ್ನು ಧ್ವನಿ-ದೃಶ್ಯ ಮುದ್ರಣ ಮಾಡುವುದು ಕಡ್ಡಾಯವಾಯಿತು. ಮೊಬೈಲ್ ಫೋನಿನಲ್ಲಿಯೂ ಮುದ್ರಿಸಬಹುದೆಂದು ಕಾನೂನು ಹೇಳುತ್ತದೆ. ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು. ಅವರು ಬರುವವರೆಗೆ ಆ ಕೋಣೆಯ ಬಾಗಿಲಲ್ಲಿ ನಿಂತು ಕಾಯುವವನು, ಕಾಲಿಟ್ಟು ಗುರುತು ಅಳಿಸದಂತೆ ಊರಿನವರನ್ನು ತಡೆಯುವವನು, ಜಪ್ತಿಯ ವೇಳೆ ಫೋನು ಹಿಡಿದು ನಿಲ್ಲುವವನು ಬಹುತೇಕ ಕಾನ್ಸ್‌ಟೇಬಲ್‌ನೇ. ಮುದ್ರಣ ನಡುವೆ ಕಡಿದುಹೋದರೆ ನ್ಯಾಯಾಲಯದಲ್ಲಿ ಆರೋಪಿಯ ವಕೀಲರು ಎತ್ತುವ ಮೊದಲ ಆಕ್ಷೇಪಗಳಲ್ಲಿ ಅದೂ ಒಂದಾಗಿರುತ್ತದೆ.